ನಾನು ನೆಟ್ಟಗೆ ಮಾಡಿದ ಕಣ್ಣು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ರಾಯಚೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ನೆಗೆಟಿವ್ ತಿದ್ದುವ ಕೆಲಸ ಮಾಡುತ್ತಿದ್ದೆ. ಫೋಟೋ ತೆಗೆಯುತ್ತಿದ್ದವರು ಅಂಗಡಿಯ ಯಜಮಾನರು. ಗಿರಾಕಿಗಳು ಅವರನ್ನು ಸಾಹೇಬ್ರು ಎನ್ನುತ್ತಿದ್ದರು, ನಾನು ಉಸ್ತಾದ್ ಎನ್ನುತ್ತಿದ್ದೆ. ಅವರು ತೆಗೆದು, ತೊಳೆದು, ಒಣಗಿಸಿದ ನೆಗೆಟಿವ್ ನನ್ನ ಮೇಜಿಗೆ ಬರುತ್ತಿತ್ತು. ಮೇಜು ಎಂದರೆ ಇಳಿಜಾರಾದ ಮರದ ಚೌಕಟ್ಟು, ನಡುವೆ ಮಬ್ಬು ಗಾಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುವ ಕನ್ನಡಿ. ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲುಗಳು ಮತ್ತು ಒಂದು ಸಣ್ಣ ಚಾಕು, ಇಷ್ಟೇ ನನ್ನ ಸಾಮಾನು.

ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲ್ ಆಡಿಸಿದ ಜಾಗ ಫೋಟೋದಲ್ಲಿ ಬೆಳ್ಳಗಾಗುತ್ತದೆ, ಚಾಕುವಿನಿಂದ ಕೆರೆದ ಜಾಗ ಕಪ್ಪಾಗುತ್ತದೆ. ಪೆನ್ಸಿಲ್ ಗೆರೆ ತಪ್ಪಾದರೆ ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬಹುದು. ಚಾಕು ತಪ್ಪಾದರೆ ಆಯಿತು. ಕೆರೆದದ್ದು ಮತ್ತೆ ಬರುವುದಿಲ್ಲ.

ನನ್ನ ಮೇಜಿಗೆ ಬರುತ್ತಿದ್ದವು ಹೆಚ್ಚಾಗಿ ಮದುವೆಗೆ ಮೊದಲು ಗಂಡಿನ ಮನೆಗೆ ಕಳಿಸುವ ಹುಡುಗಿಯರ ಫೋಟೋಗಳು. ಮಾನ್ವಿ, ದೇವದುರ್ಗ, ಸುತ್ತಲ ಹಳ್ಳಿಗಳಿಂದ ಹುಡುಗಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಒಬ್ಬಳ ಕೆನ್ನೆಯಲ್ಲಿ ಸಿಡುಬಿನ ಕಲೆ, ಒಬ್ಬಳಿಗೆ ವಾರೆಗಣ್ಣು, ಒಬ್ಬಳಿಗೆ ಎಳವೆಯಲ್ಲಿ ಸುಟ್ಟ ಬೆರಳು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೋಗುವಾಗ ತಾಯಿ ಬಾಗಿಲಲ್ಲಿ ನಿಂತು, "ಸ್ವಲ್ಪ ನೋಡಿ ಮಾಡ್ರಿ" ಎನ್ನುತ್ತಿದ್ದಳು. ಹೇಳಬೇಕಾದದ್ದೆಲ್ಲ ಅದರಲ್ಲಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೆನ್ನೆಯಲ್ಲಿ ಕಲೆಯಿದ್ದ ಒಬ್ಬ ಹುಡುಗಿಗೆ ಎದುರಿಗೇ, "ಈ ಕಲಿ ತೆಗೀಲೇನ್ರಿ?" ಎಂದು ಕೇಳಿದ್ದೆ. ಅವಳು ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಅವರು ಫೋಟೋ ಒಯ್ಯಲು ಮರಳಿ ಬರಲೇ ಇಲ್ಲ. ಉಸ್ತಾದ್ ಅವತ್ತು ಬೈದರು. "ಕೇಳ್ತಾರೇನಲೇ? ನೋಡೋದು, ಮಾಡೋದು. ಬಾಯಿಗೆ ಬೀಗ." ಅಂದಿನಿಂದ ಕೇಳುವುದನ್ನು ಬಿಟ್ಟೆ. ಕೇಳದೆ ಸರಿಪಡಿಸುವುದೇ ನಮ್ಮ ಕೆಲಸದ ಮರ್ಯಾದೆಯಾಯಿತು. ಅದರಲ್ಲೂ ವಾರೆಗಣ್ಣನ್ನು ನೆಟ್ಟಗೆ ಮಾಡುವುದರಲ್ಲಿ ನನ್ನ ಕೈ ಪಳಗಿತ್ತು. ಬೇರೆ ಸ್ಟುಡಿಯೋದವರೂ ಅಂಥ ನೆಗೆಟಿವ್ ಇದ್ದರೆ ನನಗೆ ಕಳಿಸುತ್ತಿದ್ದರು. ಅದು ಗಂಡಿನ ಮನೆಯವರಿಗೆ ಮಾಡುವ ಮೋಸವಲ್ಲವೇ ಎಂದು ಈಗ ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಆಗ ಉಪಕಾರವೆಂದು ನಂಬಿದ್ದೆ.

ಒಂದು ಸೋಮವಾರ ನಾನು ನಮ್ಮೂರು ಪೋತ್ನಾಳದಿಂದ ಎರಡು ದಿನದ ರಜೆ ಮುಗಿಸಿ ಬಂದಾಗ ಮೇಜಿನ ಮೇಲೆ ಮೂರು ಹೊಸ ನೆಗೆಟಿವ್ ಇದ್ದವು. ಭಾನುವಾರ ತೆಗೆದವು. ಹದಿನಾರು ಹದಿನೇಳರ ಹುಡುಗಿ. ತಲೆಗೆ ಆಭರಣ, ಜಡೆಗೆ ಹೂವು, ಕಣ್ಣಿಗೆ ಕಿವಿಯತನಕ ಎಳೆದ ಕಾಡಿಗೆ. ನಾಟ್ಯದ ಉಡುಪು ಎಂದು ಗೊತ್ತಾಯಿತು. ಆದರೆ ನಾನು ಅದಕ್ಕೂ ಮದುವೆಯ ಅರ್ಥವನ್ನೇ ಹಚ್ಚಿದೆ. ಹುಡುಗಿಯ ತೊಡೆಯ ಮೇಲೆ ಬಾರದ ವೀಣೆ ಇಟ್ಟು ಫೋಟೋ ತೆಗೆಸುವವರನ್ನು ಕಂಡಿದ್ದೆ. ಇವರು ನಾಟ್ಯ ಬರುತ್ತದೆಂದು ತೋರಿಸುತ್ತಿದ್ದಾರೆ ಅಂದುಕೊಂಡೆ.

ಮೊದಲನೆಯದರಲ್ಲಿ ಬಲಗೈ ಭುಜದ ಎತ್ತರಕ್ಕಿತ್ತು, ಅಂಗೈ ನಮ್ಮ ಕಡೆ. ಉಂಗುರದ ಬೆರಳು ಮಡಿಸಿಕೊಂಡಿತ್ತು. ಎರಡನೆಯದರಲ್ಲೂ ಅದೇ ಕೈ, ಅದೇ ಬೆರಳು, ಹಾಗೇ ಮಡಿಸಿತ್ತು. ಹುಟ್ಟಿನಿಂದ ಇರಬೇಕು ಅಂದುಕೊಂಡೆ. ಮೂರನೆಯದು ಸೊಂಟದಿಂದ ಮೇಲಿನದು. ಎಡಗೈ ಪಕ್ಕಕ್ಕೆ ಚಾಚಿದೆ, ಮುಖ ನೇರವಾಗಿದೆ, ಕಣ್ಣಿನ ಕಪ್ಪು ಎರಡೂ ಒಂದೇ ಬದಿಯ ಮೂಲೆಗೆ ಸೇರಿವೆ. ಉಳಿದೆರಡು ಫೋಟೋದಲ್ಲಿ ಕಣ್ಣು ಸರಿಯಾಗಿದ್ದವು. ಅದನ್ನು ನಾನು ಗಮನಿಸಿದ್ದೆ, ಇಲ್ಲವೆಂದು ಹೇಳುವುದಿಲ್ಲ. ಕೆಲವರ ವಾರೆಗಣ್ಣು ದಣಿದಾಗ ಮಾತ್ರ ಕಾಣುತ್ತದೆ ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ.

ಉಸ್ತಾದ್ ಹೇಳಿದ್ದು ಒಂದೇ ಮಾತು. "ದೇವದುರ್ಗದ ನರ್ಸಮ್ಮನ ಮಗಳು. ಚಂದ ಮಾಡು, ಬೇಟಾ."

ಎರಡು ದಿನ ಕೂತು ಚಂದ ಮಾಡಿದೆ. ಮಡಿಸಿದ ಬೆರಳನ್ನು ಪೆನ್ಸಿಲ್ಲಿನಿಂದ ಅಂಗೈಯಲ್ಲಿ ಮುಳುಗಿಸಿ, ಖಾಲಿ ಜಾಗದಲ್ಲಿ ಹೊಸ ಬೆರಳು ಬರೆದೆ. ನಡುಬೆರಳಿನ ಗಿಣ್ಣುಗಳನ್ನು ನೋಡಿ ಇದಕ್ಕೂ ಗಿಣ್ಣು ಇಟ್ಟೆ. ಮೂರನೆಯದರಲ್ಲಿ ಕಣ್ಣಿನ ಮೂಲೆಗಳನ್ನು ಪೆನ್ಸಿಲ್ಲಿನಿಂದ ಬೆಳ್ಳಗೆ ಮಾಡಿ, ನಡುವೆ ಚಾಕುವಿನಿಂದ ಕೆರೆದು ಎರಡು ಹೊಸ ಕಪ್ಪು ಕೂರಿಸಿದೆ. ಉಸ್ತಾದರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಫೋಟೋಗಳನ್ನು ತೋಳುದ್ದ ಹಿಡಿದು ನೋಡಿ "ಮಾಶಾಅಲ್ಲಾ" ಎಂದರು.

ಶುಕ್ರವಾರ ಹನ್ನೊಂದರ ಸುಮಾರಿಗೆ ತಾಯಿ ಮಗಳು ದೇವದುರ್ಗದ ಬಸ್ ಇಳಿದು ಬಂದರು. ಆ ಹುಡುಗಿಯನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ. ಎರಡು ಜಡೆ, ಲಂಗ ದಾವಣಿ, ಎಣ್ಣೆಗಪ್ಪು ಮುಖ. ಲಕೋಟೆ ಕೊಟ್ಟೆ. ತೆಗೆದುಕೊಂಡ ಕೈಯ ಐದೂ ಬೆರಳು ಸಲೀಸಾಗಿ ಚಾಚಿಕೊಂಡವು. ಅವಳು ಲಕೋಟೆ ತೆರೆದು ಮೊದಲನೆಯ ಫೋಟೋ ನೋಡಿದಳು.

"ಯವ್ವಾ, ಇದು ನನ್ನ ಕೈ ಅಲ್ಲ."

"ನಿಂದ ಅಲ್ದ ಮತ್ಯಾರದು? ಬಳಿ ನೋಡು, ನಿಂದ ಅದಾವ."

"ಬಳಿ ಅಲ್ಲಬೇ, ಬೆರಳು ನೋಡು." ಮುಂದಿನದನ್ನು ತೆಗೆದಳು. ಅದರ ಮುಂದಿನದನ್ನು ತೆಗೆದು ಬೆಳಕಿಗೆ ಹಿಡಿದಳು. "ಕಣ್ಣು ನಡುವ ಯಾಕ ಬಂದಾವ?"

ಉಸ್ತಾದ್ ನನ್ನ ಕಡೆ ತಿರುಗಿದರು. ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳಿದೆ. ಬೆರಳು ಊನವಾಗಿದೆ ಅಂದುಕೊಂಡೆ, ಕಣ್ಣು ವಾರೆ ಅಂದುಕೊಂಡೆ, ಗಂಡಿನ ಕಡೆಯವರಿಗೆ ತೋರಿಸುವ ಫೋಟೋ ಅಂದುಕೊಂಡೆ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಕೇಳಲಾಗದಷ್ಟು ಸಣ್ಣದಾಯಿತು.

ತಾಯಿ ದವಾಖಾನೆಯಲ್ಲಿ ದಿನಕ್ಕೆ ನೂರು ಜನರನ್ನು ಗದರಿಸಿ ಅಭ್ಯಾಸವಿದ್ದ ಹೆಂಗಸು. ದನಿ ಏರಿಸಲಿಲ್ಲ. "ಅಕಿ ಹುಟ್ಟಿದಾಗ ಮೊದ್ಲು ಕಣ್ಣು ನೋಡಿದಾಕಿ ನಾನು. ನೆಟ್ಟಗ ಇದ್ದುವು. ನೆಟ್ಟಗ ಇದ್ದುವನ್ನ ನೀವು ಹೆಂಗ ನೆಟ್ಟಗ ಮಾಡಿದ್ರಿ?"



ಫೋಟೋ ಯಾತಕ್ಕೆ ಎಂದು ಭಾನುವಾರ ಉಸ್ತಾದ್ ಕೇಳಿರಲಿಲ್ಲ, ತಾಯಿ ಮಗಳು ಆಗ ಹೇಳಿದರು. ಮೈಸೂರಿನಲ್ಲಿ ಎರಡು ವರ್ಷ ಇದ್ದು ನಾಟ್ಯ ಕಲಿಯಲು ಸರ್ಕಾರ ಕೊಡುವ ಶಿಷ್ಯವೇತನಕ್ಕೆ ಅರ್ಜಿ. ಅರ್ಜಿಯ ಜೊತೆ ನಾಟ್ಯದ ಭಂಗಿಯಲ್ಲಿ ಮೂರು ಫೋಟೋ ಇರಬೇಕು. ಯಾರನ್ನು ಪರೀಕ್ಷೆಗೆ ಕರೆಯುವುದೆಂದು ಆ ಫೋಟೋಗಳನ್ನು ನೋಡಿಯೇ ತೀರ್ಮಾನ. ರಾಯಚೂರಿನ ಕಚೇರಿಯಲ್ಲಿ ಅರ್ಜಿ ಕೊಡಲು ಅವತ್ತೇ ಕಡೆಯ ದಿನ, ಸಂಜೆ ಐದರ ಒಳಗೆ. ಮುಂದಿನ ವರ್ಷಕ್ಕೆ ಹುಡುಗಿಯ ವಯಸ್ಸು ಮೀರುತ್ತಿತ್ತು. ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ಅವಳು ಯಾರಲ್ಲಿ ಕಲಿಯುತ್ತಿದ್ದಳೋ ಆ ಟೀಚರಮ್ಮ, ಗಂಡನಿಗೆ ವರ್ಗವಾಗಿ, ತಿಂಗಳೊಳಗೆ ಊರು ಬಿಡುವವರಿದ್ದರು. ಆಮೇಲೆ ನಮ್ಮ ಕಡೆ ಕಲಿಸುವವರು ಯಾರೂ ಇರಲಿಲ್ಲ.

"ಹಿಂಗ ಕೊಟ್ರ ಆಗೂದಿಲ್ಲೇನಮ್ಮಾ? ಚಂದ ಬಂದಾವಲ್ಲ" ಎಂದರು ಉಸ್ತಾದ್, ಮೆಲ್ಲಗೆ.

ಹುಡುಗಿ ತನ್ನ ಬಲಗೈ ಎತ್ತಿ, ನಾಟ್ಯದ ಮುದ್ರೆಯಲ್ಲಿ, ಉಂಗುರದ ಬೆರಳು ಮಡಿಸಿದಳು. "ಇದು ದೀಪರಿ." ಬೆರಳು ಬಿಡಿಸಿದಳು. "ಇದು ಬಸ್ ನಿಲ್ಸೋ ಕೈ. ನೋಡಿದವ್ರು ನಗ್ತಾರ."

ನಾನು ಮೊದಲೆರಡು ನೆಗೆಟಿವ್ ತಂದು, ಅವರ ಎದುರಿಗೇ, ಟರ್ಪೆಂಟೈನು ಹಚ್ಚಿ ಒರೆಸಿದೆ. ನಾನು ಬರೆದ ಬೆರಳು ಹತ್ತಿಗೆ ಬೂದಿಯಾಗಿ ಬಂತು. ಕೆಳಗೆ ಅವಳ ಬೆರಳು ಹಾಗೇ ಇತ್ತು. ಮೂರನೆಯದನ್ನು ಗಾಜಿನ ಮೇಲಿಟ್ಟು ತೋರಿಸಿದೆ. ಕಣ್ಣು ಇರಬೇಕಾದಲ್ಲಿ ಎರಡು ಸಣ್ಣ ತೂತು. "ಇದು ಆಗೂದಿಲ್ಲ" ಎಂದೆ.

ಅವಳು ಅಳಲಿಲ್ಲ. ಗಡಿಯಾರ ನೋಡಿದಳು. "ಹಂಗಾರ ಇನ್ನೊಮ್ಮಿ ತೆಗೀರಿ."

ಒಡವೆ, ಉಡುಪು ಎಲ್ಲ ಟೀಚರಮ್ಮನವು. ತಾಯಿ ಮಗಳು ಸೈಕಲ್ ರಿಕ್ಷಾ ಹತ್ತಿ ಅವರ ಮನೆಗೆ ಹೋಗಿ, ಗಂಟು ಕಟ್ಟಿಕೊಂಡು ಬರುವಷ್ಟರಲ್ಲಿ ಹನ್ನೆರಡೂವರೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಉಸ್ತಾದ್ ಜುಮ್ಮಾ ನಮಾಜಿಗೆ ಹೊರಟು ನಿಂತಿದ್ದರು. ಲೈಟಿಲ್ಲದ ಸ್ಟುಡಿಯೋವನ್ನು ಒಮ್ಮೆ ನೋಡಿ, "ಬರ್ತೀನಿ. ಅಷ್ಟ್ರಾಗ ತಯಾರಾಗು ಬೇಟಿ. ಕರೆಂಟ್ ಬಂದ್ರೆ ಬಂತು, ಇಲ್ಲಾಂದ್ರೆ ಕಿಟಕಿ ಅದ" ಎಂದು ಟೊಪ್ಪಿಗೆ ಹಾಕಿಕೊಂಡು ಹೋದರು.

ತಾಯಿ ಕನ್ನಡಿಯ ಮುಂದೆ ಮಗಳಿಗೆ ಕಾಡಿಗೆ ಎಳೆದಳು. ಕೈ ಒಂದಿಷ್ಟೂ ನಡುಗದೆ ಎಳೆದದ್ದನ್ನು ನಾನು ನೋಡಿದೆ. ನಾನು ಕತ್ತಲೆ ಕೋಣೆಗೆ ಹೋದೆ. ಮೊದಲೆರಡು ನೆಗೆಟಿವ್‌ನಿಂದ ಹೊಸ ಫೋಟೋ ಮಾಡಿದೆ. ನಮ್ಮ ನೆಗೆಟಿವ್ ದೊಡ್ಡವು. ಫೋಟೋ ಕಾಗದಕ್ಕೆ ಒತ್ತಿ ಹಿಡಿದು, ಕತ್ತಲೆ ಕೋಣೆಯ ಕಿಟಕಿಯನ್ನು ಎರಡು ಎಣಿಸುವಷ್ಟು ತೆರೆದು ಮುಚ್ಚಿದರೆ ಸಾಕು, ಕರೆಂಟು ಬೇಡ. ಕೆಂಪು ಗಾಜಿನ ಕಂದೀಲಿನ ಬೆಳಕಿನಲ್ಲಿ ಆ ಮಡಿಸಿದ ಬೆರಳು ತಟ್ಟೆಯ ನೀರಿನೊಳಗಿಂದ ಮೂಡಿ ಬರುವುದನ್ನು ನೋಡಿದೆ. ಅದು ಊನದ ಬೆರಳಾಗಿರಲಿಲ್ಲ. ಪಕ್ಕದ ಬೆರಳುಗಳು ಅಷ್ಟು ಬಿಗಿಯಾಗಿ ನಿಂತದ್ದು ಅದು ಬಾಗಿದ್ದರಿಂದಲೇ. ಎರಡು ದಿನ ಭೂತಗಾಜು ಹಿಡಿದು ಅದನ್ನೇ ನೋಡಿದ್ದೆ, ಆಗ ಇದು ಕಂಡಿರಲಿಲ್ಲ.

ಎರಡೂಕಾಲು ಗಂಟೆಗೆ ಉಸ್ತಾದ್ ಬಂದರು. ಕರೆಂಟು ಬರಲಿಲ್ಲ. ಉತ್ತರದ ಕಿಟಕಿಯ ಪರದೆ ಸರಿಸಿದರು. ಹೊರಗೆ ಬಿಸಿಲು ಕಣ್ಣು ಬಿಡಲಾಗದಷ್ಟು ಇದ್ದುದರಿಂದ ಅಂಗಳ ಉಪಯೋಗಕ್ಕೆ ಬರುತ್ತಿರಲಿಲ್ಲ. ಇದ್ದದ್ದು ಎರಡೇ ಹಾಳೆ ಫಿಲಂ, ಅದೂ ಹೆಚ್ಚು ಹೊತ್ತು ಬೆಳಕು ಬೇಡುವ ನಿಧಾನದ್ದು.

"ನಾಲ್ಕು ಸೆಕೆಂಡು ಬೇಕು" ಎಂದರು. "ರೆಪ್ಪಿ ಹೊಡೆದ್ರೂ ಹೋಯ್ತು."

"ನಿಂದರ್ತೀನ್ರಿ."

ಅವಳು ಕಿಟಕಿಯ ಪಕ್ಕ ನಿಂತು ಎರಡೂ ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕೂತಳು. ಕ್ಯಾಮೆರಾಗೆ ಹೊದಿಸಿದ ಕರಿ ಬಟ್ಟೆಯೊಳಗಿಂದ ಉಸ್ತಾದರ ದನಿ ಬಂತು. "ಕೂಡೋದಾದ್ರೆ ಸ್ಟೂಲ್ ಕೊಡ್ತೀನಮ್ಮಾ. ಫೋಟೋದಾಗ ಸೊಂಟದ ಕೆಳಗ ಬರೋದೇ ಇಲ್ಲ."

"ಗೊತ್ತದರಿ. ಕಾಲು ಕೂಡಲಿಲ್ಲಂದ್ರ ಮ್ಯಾಲಿಂದು ಬರೂದಿಲ್ರಿ."

ಉಸ್ತಾದ್ ಬಟ್ಟೆ ಸರಿಸಿ ನನ್ನ ಮುಖ ನೋಡಿದರು. "ಕೇಳಿದೇನಲೇ? ಕಾಣದ ಕಾಲಿಗೂ ಕೆಲ್ಸ ಹಚ್ಚಾಳ."

ಮೊದಲನೆಯ ಹಾಳೆ ಹೀಗೆ ಹೋಯಿತು. ಉಸ್ತಾದ್ ಲೆನ್ಸಿನ ಮುಚ್ಚಳ ತೆಗೆದರು. ಅವಳು ಕಲ್ಲಿನಂತೆ ನಿಂತಳು. ಒಂದು, ಎರಡು ಎಣಿಸಿದರು. ಮೂರಕ್ಕೆ, ಎಷ್ಟೋ ವರ್ಷದ ರೂಢಿಯಲ್ಲಿ, "ಹಾಂ, ಸ್ವಲ್ಪ ನಗಮ್ಮಾ" ಎಂದುಬಿಟ್ಟರು. ಕಣ್ಣು ಅವರ ಕಡೆ ಹೊರಳಿತು. ಮುಚ್ಚಳ ಹಾಕಿ ಹಣೆ ಹೊಡೆದುಕೊಂಡರು.

"ಸಾಹೇಬ್ರ, ಈ ಸಲ ಬಾಯಾಗ ಥರ್ಮಾಮೀಟರ್ ಅದ ಅಂತ ತಿಳ್ಕೋರಿ" ಎಂದಳು ತಾಯಿ.

"ತಿಳ್ಕೊಂಡೆ ನರ್ಸಮ್ಮಾ, ತಿಳ್ಕೊಂಡೆ."

ಹುಡುಗಿ ಗೋಡೆಗೆ ಒರಗಿ ತೊಡೆಗಳನ್ನು ತಿಕ್ಕಿಕೊಂಡಳು. ಆಮೇಲೆ ಉಸ್ತಾದರಿಗೆ, ಅಂಜದೆ, ಒಂದೊಂದಾಗಿ ಹೇಳಿದಳು. "ನನ್ನ ಮೊದ್ಲ ನಿಂದರ್ಸಿ ಇಡಬ್ಯಾಡ್ರಿ. ನಾನು ಆಡ್ಕೋತ ಬಂದು ನಿಂದರ್ತೀನಿ. ನಿಂತ ಕೂಡ್ಲೇ ತೆಗೀಬ್ಯಾಡ್ರಿ. ಒಂದು ಉಸಿರು ಬಿಡ್ತೀನಿ, ಆವಾಗ ಹೆಗಲು ಇಳೀತದ. ಇಳಿದ ಮ್ಯಾಲೆ ತೆಗೀರಿ. ಎಣಿಕಿ ಮನಸಿನ್ಯಾಗ ಮಾಡ್ಕೋರಿ."

ಉಸ್ತಾದ್ ತಲೆ ಆಡಿಸಿದರು. ನಮ್ಮಲ್ಲಿ ಯಾವ ಹುಡುಗಿಯೂ ಕ್ಯಾಮೆರಾದ ಮುಂದೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮಲ್ಲಿ ಬರುವವರ ಗದ್ದವನ್ನು ಉಸ್ತಾದ್ ಎರಡು ಬೆರಳಿನಿಂದ ಹಿಡಿದು ತಿರುಗಿಸುತ್ತಿದ್ದರು, ಅವರು ತಿರುಗುತ್ತಿದ್ದರು.

ಇನ್ನೊಂದು ತೊಡಕಿತ್ತು. ಹೋದ ಭಾನುವಾರ ಅವಳು ಮೂಲೆಗೆ ನೋಡುವಾಗ ಟೀಚರಮ್ಮ ಆ ಜಾಗದಲ್ಲಿ ನಿಂತಿದ್ದರಂತೆ. ಈಗ ಅಲ್ಲಿ ಬರೀ ಗೋಡೆ. ನಾನು ಒಂದು ಕಾಗದದ ಚೂರಿಗೆ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟು ಅಂಟಿಸಲು ಹೋದೆ.

"ಚುಕ್ಕಿ ನೋಡಿದ್ರ ಕಣ್ಣು ಸತ್ತಂಗ ಕಾಣ್ತಾವ್ರಿ" ಎಂದಳು. "ಮನಷ್ಯಾರು ಬೇಕು. ಯವ್ವಾ ಬ್ಯಾಡ, ಅಕಿನ್ನ ನೋಡಿದ್ರ ನಗು ಬರ್ತದ. ನೀವು ನಿಂದರ್ರಿ."

ನಾನು ಹೋಗಿ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತೆ. "ನೀವೂ ಅಲುಗ್ಯಾಡಬ್ಯಾಡ್ರಿ" ಎಂದಳು. ಕೈ ಕಟ್ಟಿಕೊಂಡೆ. ಕಟ್ಟಿದ ಕೈಗಳು ಅಲುಗದಂತೆ ಕಂಕುಳಲ್ಲಿ ಒತ್ತಿ ಹಿಡಿದೆ.

ಅವಳು ಬಾಯೊಳಗೇ ತಾಳ ಹೇಳಿಕೊಳ್ಳುತ್ತ ನಾಲ್ಕು ಹೆಜ್ಜೆ ಬಂದಳು. ಬರಿಗಾಲು ನೆಲಕ್ಕೆ ಬಿದ್ದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಯ ಹೆಜ್ಜೆಗೆ ಅರ್ಧ ಕೂತಳು. ಎಡಗೈ ಪಕ್ಕಕ್ಕೆ ಹೋಯಿತು. ಮುಖ ಕ್ಯಾಮೆರಾದ ಕಡೆಗೇ ಉಳಿದು, ಕಣ್ಣು ಮಾತ್ರ ಆ ಕೈಯ ಗುಂಟ ಹರಿದು, ಬೆರಳ ತುದಿ ದಾಟಿ ನನ್ನಲ್ಲಿಗೆ ಬಂದು ನಿಂತವು. ಉಸಿರು ಬಿಟ್ಟಳು. ಹೆಗಲು ಎರಡು ಬೆರಳಿನಷ್ಟು ಇಳಿಯಿತು. ಉಸ್ತಾದ್ ಮುಚ್ಚಳ ತೆಗೆದರು.

ನಾಲ್ಕು ಸೆಕೆಂಡು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಅವಳ ಎಡಗಾಲಿನ ಮೀನಖಂಡ ನಡುಗತೊಡಗಿತು. ಆ ನಡುಕ ಮಂಡಿಯತನಕ ಏರಿತು, ಅಲ್ಲಿಂದ ಮೇಲೆ ಬರಲಿಲ್ಲ. ಸೊಂಟದಿಂದ ಮೇಲೆ ಏನೂ ಅಲುಗಲಿಲ್ಲ. ಕಿವಿಯ ಪಕ್ಕದಿಂದ ಒಂದು ಬೆವರ ಹನಿ ಇಳಿದು ದವಡೆಯ ಹತ್ತಿರ ನಿಂತಿತು. ಕಣ್ಣು ನನ್ನ ಮೇಲೆ ಇದ್ದವು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಅಲ್ಲಿ ಯಾರೋ ಅವಳಿಗೆ ಬೇಕಾದವರು ಬರುತ್ತಿದ್ದಾರೆ, ಅವರನ್ನು ಬಾಗಿಲಲ್ಲೇ ಗುರುತು ಹಿಡಿದಿದ್ದಾಳೆ, ಅಂಥ ನೋಟ. ಎರಡು ದಿನ ಕೂತು ನಾನು ಕೆರೆದು ತೆಗೆದದ್ದು ಇದನ್ನು. ಗೋಡೆಗೆ ಬೆನ್ನನ್ನು ಇನ್ನೂ ಒತ್ತಿ ನಿಂತೆ. ನಾನು ಮಿಸುಕಿದರೆ ಅವಳ ಕಣ್ಣು ಮಿಸುಕುತ್ತಿದ್ದವು.

ಉಸ್ತಾದ್ ಮುಚ್ಚಳ ಹಾಕಿದರು. ಅವಳು ಇದ್ದಲ್ಲೇ ನೆಲಕ್ಕೆ ಕೂತು ತೊಡೆ ಹಿಡಿದುಕೊಂಡು, "ಯವ್ವಾ, ಕಾಲು!" ಎಂದು ನಕ್ಕಳು. ಉಸ್ತಾದ್ ತುಟಿ ಬಿಗಿದುಕೊಂಡೇ ಇದ್ದರು. "ಇನ್ನ ಮಾತಾಡ್ರಿ ಸಾಹೇಬ್ರ" ಎಂದು ತಾಯಿ ಹೇಳಿದ ಮೇಲೆಯೇ ಬಾಯಿ ತೆರೆದರು.

ಹಾಳೆಯನ್ನು ತೊಳೆದು, ಬೇಗ ಒಣಗಲೆಂದು ಸ್ಪಿರಿಟಿನಲ್ಲಿ ಅದ್ದಿ, ಬೀಸಣಿಗೆಯಿಂದ ಗಾಳಿ ಹಾಕಿದೆ. ಫೋಟೋ ಮಾಡುವಷ್ಟರಲ್ಲಿ ನಾಲ್ಕು ಗಂಟೆ. ಕಣ್ಣು ಮೂಲೆಯಲ್ಲಿದ್ದವು, ಸ್ಪಷ್ಟವಾಗಿ, ಒದ್ದೆಯಾಗಿ ಹೊಳೆಯುತ್ತ. ದವಡೆಯ ಮೇಲೆ ಬೆವರಿನ ಹನಿ ಬಿಳಿ ಚುಕ್ಕಿಯಾಗಿ ಬಂದಿತ್ತು.

"ಅದನ್ನ ಒರೆಸಿಬಿಡು ಬೇಟಾ, ಎರಡ್ ನಿಮಿಷದ ಕೆಲ್ಸ" ಎಂದರು ಉಸ್ತಾದ್.

"ನಾ ಮುಟ್ಟೂದಿಲ್ಲ ಉಸ್ತಾದ್."

ಅಷ್ಟು ವರ್ಷದಲ್ಲಿ ಅವರಿಗೆ ನಾನು ಇಲ್ಲವೆಂದದ್ದು ಅದೇ ಮೊದಲು. ಅವರು ನನ್ನ ಮುಖವನ್ನೇ ನೋಡಿದರು, ಫೋಟೋವನ್ನು ನೋಡಿದರು, ಹೀರುಕಾಗದ ತಂದು ಅದರ ನಡುವೆ ಇಟ್ಟು ಒತ್ತಿದರು.

ಕಚೇರಿ ದೂರವಿತ್ತು. ಅವರಿಬ್ಬರು ರಿಕ್ಷಾದಲ್ಲಿ, ನಾನು ಹಿಂದೆ ಸೈಕಲ್ ಮೇಲೆ. ರಿಕ್ಷಾ ಪಂಕ್ಚರಾದರೂ ಸೈಕಲ್ ಇರಲಿ ಎಂದು ಉಸ್ತಾದರೇ ಕಳಿಸಿದ್ದರು. ನಾಲ್ಕು ಮುಕ್ಕಾಲಿಗೆ ತಲುಪಿದೆವು. ಗುಮಾಸ್ತರು ಬೀರುವಿಗೆ ಕೀಲಿ ಹಾಕುತ್ತಿದ್ದರು. ಅರ್ಜಿ ತೆಗೆದುಕೊಂಡು, ಒದ್ದೆ ಫೋಟೋಗಳನ್ನು ಮುಟ್ಟಿ, "ಈಗ ತೊಳದು ತಂದೀರೇನ್ರಿ ಬಟ್ಟಿಗತೆ?" ಎಂದರು. ಪಿನ್ನು ಚುಚ್ಚಲು ಹೋದಾಗ ತಾಯಿ ಅವರ ಕೈ ಹಿಡಿದೇಬಿಟ್ಟಳು. "ಮೂಲ್ಯಾಗ ಚುಚ್ರಿ ಯಪ್ಪಾ, ಮಾರಿ ಮ್ಯಾಲೆ ಅಲ್ಲ." ಅವರು ಮೂಲೆಯಲ್ಲಿ ಚುಚ್ಚಿ, ಮೊಹರು ಒತ್ತಿ, ರಸೀದಿ ಕೊಟ್ಟರು. ಹುಡುಗಿ ರಸೀದಿಯನ್ನು ಎರಡು ಸಲ ಓದಿದಳು. ದೇವದುರ್ಗದ ಬಸ್ಸಿಗೆ ಹೊತ್ತಾಗಿತ್ತು. ಅವರು ರಿಕ್ಷಾ ಹತ್ತಿ ಬಸ್ ನಿಲ್ದಾಣದ ಕಡೆ ಹೋದರು.

ಆ ಬೇಸಿಗೆಯಲ್ಲಿ ನಾನು ದಿನಾ ಕೆಲಸ ಮಾಡಿದೆ, ಮೊದಲಿಗಿಂತ ನಿಧಾನವಾಗಿ. ಚಾಕು ಎತ್ತಿದಾಗಲೆಲ್ಲ ಒಂದು ಗಳಿಗೆ ತಡೆಯುತ್ತಿದ್ದೆ. ಫೋಟೋ ತೆಗೆಸಿಕೊಳ್ಳುವವರು ಹೋಗುವ ಮೊದಲು ಮೇಜು ಬಿಟ್ಟು ಎದ್ದು ಬಂದು ಅವರ ಮುಖ ನೋಡುವುದನ್ನು ರೂಢಿ ಮಾಡಿಕೊಂಡೆ. "ನಿಂಗೇನಾಯ್ತಲೇ, ಹೆಣ್ಣು ನೋಡಾಕ ಬಂದಂಗ ಬರ್ತೀ" ಎಂದು ಉಸ್ತಾದ್ ಬೈದರು. ಬೈದರೂ ಬಿಡಲಿಲ್ಲ.

ಜೂನ್ ಮೊದಲ ವಾರ ತಾಯಿ ಮಗಳು ಮತ್ತೆ ಬಂದರು. ಪರೀಕ್ಷೆಗೆ ಕರೆದಿದ್ದರು, ಹೋಗಿ ಆಡಿ ಬಂದಿದ್ದಳು, ಶಿಷ್ಯವೇತನ ಸಿಕ್ಕಿತ್ತು. ಮೈಸೂರಿನ ಹಾಸ್ಟೆಲಿಗೆ ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ ಬೇಕಾಗಿತ್ತು. ಅವತ್ತು ಕರೆಂಟಿತ್ತು, ಉಸ್ತಾದ್ ಲೈಟು ಹಾಕಿ ಅವಳನ್ನು ಸ್ಟೂಲ್ ಮೇಲೆ ಕೂರಿಸಿದರು. ಅವಳು ರೆಪ್ಪೆ ಹೊಡೆದಳು. ಇನ್ನೊಮ್ಮೆ ತೆಗೆದರು, ಮತ್ತೆ ಹೊಡೆದಳು.

"ಸುಮ್ನ ಕುಂದ್ರು ಅಂದ್ರ ಏನ್ ಮಾಡ್ಬೇಕು ಅಂತ ತಿಳಿಯಂಗಿಲ್ರಿ" ಎಂದಳು.

"ಏನೂ ಮಾಡಬ್ಯಾಡ ತಾಯಿ, ಅದಕ್ಕ ಸುಮ್ನ ಅಂತಾರ!" ಉಸ್ತಾದ್ ಮೂರನೆಯದನ್ನು ಹೇಗೋ ಹಿಡಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು, ಅವರು ಕಾದರು. ನೆಗೆಟಿವ್ ಒಣಗಿ ನನ್ನ ಮೇಜಿಗೆ ಬಂತು. ಮೂಗಿನ ಪಕ್ಕ ಒಂದು ದೊಡ್ಡ ಮೊಡವೆ ಇತ್ತು. ನಾನು ಪೆನ್ಸಿಲ್ ಕೆಳಗಿಟ್ಟು ಎದ್ದು ಹೊರಗೆ ಬಂದೆ. ಅವಳೆದುರು ನಿಂತು, ನನ್ನ ಮೂಗಿನ ಪಕ್ಕ ಬೆರಳಿಟ್ಟು ತೋರಿಸಿ, "ಇದನ್ನ ತೆಗೀಲೇನವಾ, ಇರ್ಲೋ?" ಎಂದು ಕೇಳಿದೆ.

ಅವಳು ಗೋಡೆಯ ಕನ್ನಡಿಯ ಹತ್ತಿರ ಹೋಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ತಿರುಗಿಸಿ ನೋಡಿಕೊಂಡಳು.

"ಅದನ್ನ ತೆಗೀರಿ" ಎಂದಳು.